ದೀಪದ ಹತ್ತಿ, ಗಾಯದ ಹತ್ತಿ

ಸಗರದಲ್ಲಿ ನಳಕ್ಕೆ ನೀರು ಬರುವ ಮೊದಲು ಒಂದು ಸಪ್ಪಳ ಬರುತ್ತದೆ. ಟಣ್... ಟಣ್... ಪಂಚಾಯಿತಿಯ ವಾಟರ್‌ಮನ್ ಮರಿಲಿಂಗಪ್ಪ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯನ್ನು ನೆಲಕ್ಕೆ ಊರುತ್ತ ಓಣಿಯಿಂದ ಓಣಿಗೆ ನಡೆಯುವ ಸಪ್ಪಳ ಅದು. ಅದು ಕಿವಿಗೆ ಬಿದ್ದ ಮೇಲೆಯೇ ಹೆಂಗಸರು ಕೊಡ ಎತ್ತಿಕೊಂಡು ಹೊರಗೆ ಬರುತ್ತಾರೆ. ಮರಿಲಿಂಗಪ್ಪನಿಗೂ ಇದು ಗೊತ್ತು. ಅದಕ್ಕೇ ಅವನು ಚಾವಿಯನ್ನು ಹೆಗಲ ಮೇಲೆ ಹೊರುವುದಿಲ್ಲ.

ಅವನು ಚಪ್ಪಲಿ ಹಾಕುವುದಿಲ್ಲ. ವಾಲ್ ಇರುವ ಗುಂಡಿಯೊಳಗೆ ಕೆಸರು, ಚಪ್ಪಲಿ ಜಾರುತ್ತದೆ ಎನ್ನುವುದು ಅವನ ಮಾತು. ಮೈಯಲ್ಲಿ ಸಕ್ಕರೆ ಕಾಯಿಲೆ ಇದೆ. ಗುಳಿಗೆಯನ್ನು ನೆನಪಾದಾಗ ನುಂಗುತ್ತಾನೆ.

ಒಂದು ಮುಂಜಾನೆ ಹೆಂಡತಿ ಅಯ್ಯಮ್ಮ ಪಡಸಾಲೆ ಸಾರಿಸಿ ಎದ್ದಿದ್ದಳು. ಮರಿಲಿಂಗಪ್ಪ ಕೆಲಸ ಮುಗಿಸಿ ಒಳಗೆ ಬಂದ. ಹಸಿ ನೆಲದ ಮೇಲೆ ಅವನ ಹಿಂದೆಯೇ ಕೆಂಪು ಕಲೆಗಳ ಸಾಲು ಮೂಡಿತು.

"ನಿಂದರ್ರಿ ಅಲ್ಲೇ! ಏನ್ ತುಳದು ಬಂದೀರಿ?"

ಅವನು ತಿರುಗಿ ನೋಡಿದ. "ಯಾರರ ಓಣ್ಯಾಗ ಕುಂಕುಮದ ನೀರ ಚೆಲ್ಲಿರಬೇಕು ನೋಡು."

ಅಯ್ಯಮ್ಮ ಅವನನ್ನು ಕೂರಿಸಿ ಪಾದ ಎತ್ತಿ ನೋಡಿದಳು. ಹೆಬ್ಬೆರಳಿನ ಕೆಳಗೆ ಗಾಜಿನ ಚೂರು ಚುಚ್ಚಿಕೊಂಡಿತ್ತು. ಅವಳು ಅದನ್ನು ಕಿತ್ತಳು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನೋವಾಗಲಿಲ್ಲೇನ್ರಿ?"

"ಏನೂ ಇಲ್ಲ. ನೋವಿಲ್ಲ ಅಂದ ಮ್ಯಾಲ ಸಣ್ಣ ಗಾಯನೇ ಇರಬೇಕು ಬಿಡು."

ಅಯ್ಯಮ್ಮ ತನ್ನ ಅವ್ವ ಮಾಡುತ್ತಿದ್ದಂತೆಯೇ ಮಾಡಿದಳು. ಒಂದು ಹಿಡಿ ಹತ್ತಿಯ ಅರಳೆ ಸುಟ್ಟಳು. ಆ ಬೂದಿಯನ್ನು ಗಾಯಕ್ಕೆ ತುಂಬಿ ಹಳೆಯ ಸೀರೆಯ ಚೂರು ಕಟ್ಟಿದಳು. ಗಾಯ ನೋಯಲಿಲ್ಲ. ಆದ್ದರಿಂದ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಮುಂದಿನ ವಾರ ಒಂದು ದಿನ ಬೆಳಗಾಯಿತು, ಸಪ್ಪಳ ಬರಲಿಲ್ಲ. ನಳದ ಮುಂದೆ ಕೊಡಗಳು ಸಾಲಾಗಿ ಕುಳಿತವು. ಪಕ್ಕದ ಮನೆಯ ಅಂಬ್ರಪ್ಪ ಬಾಗಿಲಲ್ಲಿ ಬಂದು ನಿಂತ. ಶಹಾಪುರಕ್ಕೆ ಟಂಟಂ ಆಟೋ ಓಡಿಸುವವನು. ಅಯ್ಯಮ್ಮನನ್ನು ಅಕ್ಕ ಎಂದು ಕರೆಯುವುದರಿಂದ ಮರಿಲಿಂಗಪ್ಪ ಅವನಿಗೆ ಮಾವ. ಮಾವನನ್ನು ಕಾಡಿಸುವುದು ತನ್ನ ಹಕ್ಕು ಎಂದು ತಿಳಿದವನು.

"ಏನ್ ಮಾವಾ, ಇಡೀ ಊರ ಮಾರಿ ತೊಳಕೊಳ್ಳಲಾರದೆ ಕುಂತದ. ನೀ ನೋಡಿದ್ರ ನವಾಬನಂಗ ಚಾದರ ಹೊದ್ದು ಮಲಗಿದಿ!"

ಅಂಬ್ರಪ್ಪ ಹತ್ತಿರ ಹೋಗಿ ಮೈ ಮುಟ್ಟಿದ. ಕೆಂಡದಂತೆ ಸುಡುತ್ತಿತ್ತು. ಕಾಲಿನ ಕಡೆಯಿಂದ ಕೆಟ್ಟ ವಾಸನೆ ಬರುತ್ತಿತ್ತು.

ಅಷ್ಟರಲ್ಲಿ ಹೊರಗೆ ಸ್ಕೂಟಿ ನಿಂತಿತು. ಉಪಕೇಂದ್ರದ ನರ್ಸ್ ಭುವನೇಶ್ವರಿ ಒಳಗೆ ಬಂದಳು. ಊರಿನವರು ಅವಳನ್ನು ಗೌರವದಿಂದ 'ಬಾಯಾರ' ಎಂದು ಕರೆಯುತ್ತಾರೆ.

"ಚಾವಿ ಸಪ್ಪಳ ಇಲ್ಲ ಅಂತ ಬಂದೆ. ಏನಾಗ್ಯಾದ ಮರಿಲಿಂಗಣ್ಣಗ?"

ಅವಳು ಕಟ್ಟು ಬಿಚ್ಚಿದಳು. ಬೂದಿಯೂ ಕೀವೂ ಸೇರಿ ಕಪ್ಪಾಗಿದ್ದವು. ಪಾದ ಕಣಕಾಲಿನವರೆಗೆ ಊದಿತ್ತು. ಅವಳು ಯಾರನ್ನೂ ಬಯ್ಯಲಿಲ್ಲ. ಒಂದು ಗಳಿಗೆ ಹಾಗೇ ನೋಡಿ ಎದ್ದಳು.

"ಅಂಬ್ರಪ್ಪ, ಟಂಟಂ ತೆಗಿ. ಜಲ್ದಿ ದವಾಖಾನಿಗಿ ನಡಿ."

"ನನಗ ನೋವೇ ಇಲ್ರಿ ಬಾಯಾರ. ಸುಮ್ಮ ಯಾಕ..." ಎಂದ ಮರಿಲಿಂಗಪ್ಪ.

"ಅದೇ ನನಗ ಅಂಜಿಕಿ ಅಣ್ಣಾ. ಸಕ್ಕರಿ ಕಾಯಿಲಿ ನಿಮ್ಮ ಪಾದದ ಬಾಯಿ ಕಟ್ಟಿಬಿಟ್ಟದ. ಚುಚ್ಚಿದ್ರೂ ಒದರಂಗಿಲ್ಲ, ಸುಟ್ಟರೂ ಒದರಂಗಿಲ್ಲ. ಕಾಲು ಸುಮ್ಮನದ ಅಂತ ನೀವೂ ಸುಮ್ಮನಿದ್ರಿ."

ಶಹಾಪುರದ ದವಾಖಾನೆಯಲ್ಲಿ ಡಾಕ್ಟರು ಗಾಯ ಸ್ವಚ್ಛ ಮಾಡಿದರು. ಧನುರ್ವಾಯು ತಡೆಯುವ ಚುಚ್ಚುಮದ್ದು ಕೊಟ್ಟರು. ಸಕ್ಕರೆ ಹತೋಟಿಗೆ ಬರುವವರೆಗೆ ಅಲ್ಲಿಯೇ ಮಲಗಿಸಿಕೊಂಡರು. ಮನೆಗೆ ಕಳಿಸುವಾಗ ಅವರು ಹೇಳಿದ ಮಾತು ಇಷ್ಟು: "ಈ ಸಲ ಕಾಲು ಉಳಿದಿದೆ. ಗಾಯ ಇನ್ನೂ ಮಾಗಿಲ್ಲ. ಮತ್ತೆ ಕೆಟ್ಟರೆ ಬೆರಳು ತೆಗೆಯಬೇಕಾಗಬಹುದು. ಅದು ಬೆರಳಿಗೇ ನಿಲ್ಲುತ್ತದೆ ಎಂದು ನಾನು ಹೇಳಲಾರೆ."

ಟಂಟಂ ಊರು ಮುಟ್ಟಿತು. ಮನೆಯ ಮೂಲೆಗೆ ಒರಗಿಸಿದ್ದ ಚಾವಿ ಕಂಡು ಮರಿಲಿಂಗಪ್ಪ, "ಕಾಲಿಲ್ಲದಾಂವಗ ಇದನ್ನ ಯಾರು ಹಿಡಿಲಾಕ ಕೊಡ್ತಾರ?" ಎಂದ. ಅಯ್ಯಮ್ಮ ಕೇಳಿಸದವಳಂತೆ ಒಲೆಯ ಕಡೆ ತಿರುಗಿದಳು.

ಮರುದಿನ ಭುವನೇಶ್ವರಿ ಪಟ್ಟಿ ಬದಲಿಸಲು ಬಂದಳು. ಸೋಪಿನಿಂದ ಕೈ ತೊಳೆದು, ಡಾಕ್ಟರು ಕೊಟ್ಟಿದ್ದ ಪೊಟ್ಟಣ ಹರಿದು ಮೆತ್ತನೆಯ ಬಿಳಿ ಪಟ್ಟಿಯೊಂದನ್ನು ಹೊರಗೆ ತೆಗೆದಳು.

"ಇದನ್ನ ಯಾತರಿಂದ ಮಾಡ್ಯಾರ ಹೇಳ್ರಿ ನೋಡೋಣು?"

"ಯಾವುದರ ಪ್ಲಾಸ್ಟಿಕ್ ಇರಬೇಕ್ರಿ" ಎಂದಳು ಅಯ್ಯಮ್ಮ.

"ಹತ್ತಿ ಅಕ್ಕಾ, ಹತ್ತಿ! ನೀವು ಹೊಲದಾಗ ಬಿಡಸ್ತೀರಲ್ಲ, ಅದೇ ಗಿಡದ ನಾರು. ಅದಕ್ಕೊಂದು ಗುಣ ಕೂಡಿಸ್ಯಾರ. ಇದನ್ನ ಮುಟ್ಟಿದ ರೋಗಾಣು ಅಲ್ಲೇ ಸಾಯ್ತಾವ."

ಭುವನೇಶ್ವರಿಯ ಫೋನು ರಿಂಗಾಯಿತು. ಇನ್ನೊಂದು ಓಣಿಯಲ್ಲಿ ಬಾಣಂತಿಯೊಬ್ಬಳು ಕಾಯುತ್ತಿದ್ದಳು. ಪಟ್ಟಿ ಕಟ್ಟಿ ಅವಳು ಎದ್ದು ಹೋದಳು. ಅಯ್ಯಮ್ಮನ ಕಿವಿಯಲ್ಲಿ ಒಂದೇ ಮಾತು ಉಳಿಯಿತು: ಹತ್ತಿ.

ಅಯ್ಯಮ್ಮನ ಮುಂದೆ ಹತ್ತಿಯ ಮಾತು ಎತ್ತಬಾರದು. ಸಗರದಿಂದ ವನದುರ್ಗದವರೆಗೆ ಹತ್ತಿ ಬಿಡಿಸುವುದರಲ್ಲಿ ಅವಳ ಕೈಗೆ ಸರಿಗಟ್ಟುವವರಿಲ್ಲ. ಅವಳು ಬಿಡಿಸಿದ ಅರಳೆಯಲ್ಲಿ ಒಣ ಎಲೆಯ ಪುಡಿ ಇರುವುದಿಲ್ಲ, ತೊಟ್ಟಿನ ಚೂರು ಇರುವುದಿಲ್ಲ. ಅವಳ ಚೀಲವನ್ನು ಹೊಲದ ಮಾಲೀಕರು ಬಿಚ್ಚಿ ನೋಡದೆ ಗಾಡಿಗೆ ಹಾಕುತ್ತಾರೆ. ಸುಗ್ಗಿಯಲ್ಲಿ ಎಲ್ಲಕ್ಕಿಂತ ಬಿಳಿಯದಾದ ಒಂದಿಷ್ಟನ್ನು ಕೇಳಿ ತಂದು, ಬೀಜ ತೆಗೆದು ಡಬ್ಬಿಯಲ್ಲಿ ಇಡುತ್ತಾಳೆ. ಎಲ್ಲಮ್ಮನ ಮುಂದೆ ಮತ್ತು ಬಾಬಾಸಾಹೇಬರ ಫೋಟೋದ ಮುಂದೆ ಹಚ್ಚುವ ದೀಪಕ್ಕೆ ಬತ್ತಿ ಹೊಸೆಯುವುದು ಅದರಿಂದಲೇ.

ಮಾರನೆಯ ದಿನ ಹೊಲದಲ್ಲಿ ಅವಳ ಮಾತೇ ಮಾತು.

"ಗೊತ್ತದೇನವಾ, ನನ್ನ ಗಂಡನ ಕಾಲಿಗಿ ಹಚ್ಚ್ಯಾರಲ್ಲ ದೊಡ್ಡ ದವಾಖಾನಿ ಪಟ್ಟಿ, ಅದು ಹತ್ತಿ! ನಮ್ಮ ಕೈಯಾಗ ಬರೋ ಹತ್ತಿ!"

ಪಕ್ಕದ ಸಾಲಿನಲ್ಲಿದ್ದ ರೇಣಮ್ಮ ನಕ್ಕಳು. "ಹಂಗಾದ್ರ ನಿನ್ನ ಗಂಡ ಹುಷಾರಾಗಿರಬೇಕು. ಜಿನ್ನಿಂಗ್ ಮಿಲ್ಲಿನವರು ಕಾಲು ಹಿಡಕೊಂಡು ಒಯ್ದಾರು!"

"ನಗು, ನಗು. ನೀ ಬಿಡಸಿದ ಕಸದಾಗಂತೂ ಯಾರೂ ಪಟ್ಟಿ ಮಾಡಂಗಿಲ್ಲ."

ಆ ವಾರದ ಕೊನೆಗೆ ಭುವನೇಶ್ವರಿ ತರಬೇತಿಗೆಂದು ಸುರಪುರಕ್ಕೆ ಹೋಗಬೇಕಾಯಿತು. ಹೊರಡುವ ಮೊದಲು ಹೇಳಿದಳು: "ಪಟ್ಟಿ ಒದ್ದಿಯಾದ್ರ, ಕೀವು ರಸಿಗಿ ಹೊರಗ ಬಂದ್ರ, ನನ್ನ ದಾರಿ ನೋಡಬ್ಯಾಡ್ರಿ. ಶಹಾಪುರಕ್ಕ ಹೋಗಿ ಬದಲಿ ಮಾಡಿಸ್ರಿ. ಮನ್ಯಾಗ ಬಿಚ್ಚಬ್ಯಾಡ್ರಿ."

ಅವಳು ಹೋದ ಮರುದಿನವೇ ಶಾಲೆಯ ಹತ್ತಿರದ ವಾಲ್ ಸೋರತೊಡಗಿತು. ಮರಿಲಿಂಗಪ್ಪನ ಬದಲು ಬಂದವನಿಗೆ ಅದನ್ನು ನಿಲ್ಲಿಸುವುದು ತಿಳಿಯಲಿಲ್ಲ. ನೀರು ರಸ್ತೆಗೆ ಹರಿಯಿತು. ಮರಿಲಿಂಗಪ್ಪ ಕಟ್ಟೆಯ ಮೇಲೆ ಕುಳಿತು ನೋಡಿದ, ನೋಡಿದ, ಕೊನೆಗೆ ಎದ್ದು ಕುಂಟುತ್ತ ಹೋಗಿ ಗುಂಡಿಗೆ ಇಳಿದ. ಸೋರುವುದು ನಿಂತಿತು. ಪಟ್ಟಿ ಕೆಸರಾಯಿತು.

"ಯಕ್ಕಾ, ನಡಿ, ಶಹಾಪುರಕ್ಕ ಹೋಗಿ ಬರೋಣು" ಎಂದು ಅಂಬ್ರಪ್ಪ ಟಂಟಂ ತಂದು ನಿಲ್ಲಿಸಿದ.

ಅಯ್ಯಮ್ಮ ಡಬ್ಬಿ ತೆಗೆದಿದ್ದಳು. "ಅಷ್ಟು ದೂರ ಯಾಕ ಹೋಗೋದು? ಅದೇ ಹತ್ತಿ ನನ್ನ ಮನ್ಯಾಗ ಅದ. ಅದಕ್ಕಿಂತ ಬೆಳ್ಳಗ ಅದ."

"ಬಾಯಾರ ಬಿಚ್ಚಬ್ಯಾಡ ಅಂದಾರ ಯಕ್ಕಾ."

"ದೇವರಿಗಿ ನಡಿಯೋ ಹತ್ತಿ ನನ್ನ ಗಂಡನ ಕಾಲಿಗಿ ನಡಿಯಂಗಿಲ್ಲೇನು?"

ಅಂಬ್ರಪ್ಪ ಟಂಟಂ ಬಂದ್ ಮಾಡಿದ. ಅವಳು ಸೋಪಿನಿಂದ ಕೈ ತೊಳೆದಳು. ಕೆಸರಿನ ಪಟ್ಟಿ ತೆಗೆದಳು. ಡಬ್ಬಿಯ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ, ಬತ್ತಿ ಹೊಸೆಯುವಷ್ಟೇ ಭಕ್ತಿಯಿಂದ ಗಾಯಕ್ಕೆ ತುಂಬಿ ಕಟ್ಟಿದಳು.

ಭುವನೇಶ್ವರಿ ಸುರಪುರದಿಂದ ಬಂದವಳು ನೇರ ಅಲ್ಲಿಗೇ ಬಂದಳು. ಕಟ್ಟು ಬಿಚ್ಚಿದರೆ ಹತ್ತಿ ಮೇಲೆ ಏಳಲಿಲ್ಲ. ಗಾಯಕ್ಕೆ ಅಂಟಿ ಹಿಡಿದಿತ್ತು. ಸುತ್ತಲಿನ ಚರ್ಮ ಮತ್ತೆ ಕೆಂಪಾಗಿತ್ತು. ಅವಳು ಸಲೈನ್ ಹಾಕಿ ನೆನೆಸಿ, ಚಿಮ್ಮಟ ಹಿಡಿದು ಒಂದೊಂದೇ ಎಳೆ ಬಿಡಿಸತೊಡಗಿದಳು. ತನ್ನ ಬಿಳಿ ಹತ್ತಿ ಕೀವಿನ ಬಣ್ಣವಾಗಿ ಹೊರಬರುವುದನ್ನು ಅಯ್ಯಮ್ಮ ನೋಡುತ್ತ ಕುಳಿತಳು. ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ.

"ಯಾಕ ಮಾತಾಡವಲ್ರಿ? ನನ್ನ ಹತ್ತಿ ಹೊಲಸದ ಅಂತೀರೇನು?"

"ಹೊಲಸಲ್ಲ ಅಕ್ಕಾ. ಇಷ್ಟು ಬೆಳ್ಳನ ಹತ್ತಿ ನಾ ಎಲ್ಲೂ ನೋಡಿಲ್ಲ. ತಪ್ಪು ಅಂದ್ರ ಅವತ್ತ ನಾ ಅರ್ಧ ಮಾತು ಹೇಳಿ ಎದ್ದು ಹೋದೆ. ಉಳಿದರ್ಧ ಹೇಳ್ತೀನಿ. ಒಂದು ಬಟ್ಟಲದಾಗ ನೀರು ತರ್ರಿ."

ಭುವನೇಶ್ವರಿ ಡಬ್ಬಿಯಿಂದ ಒಂದು ಚೂರು ಅರಳೆ ತೆಗೆದು ನೀರಿನ ಮೇಲೆ ಬಿಟ್ಟಳು. ಅದು ಮೋಡದ ತುಣುಕಿನಂತೆ ತೇಲಿತು. ತನ್ನ ಚೀಲದಿಂದ ಹೊಸ ಪಟ್ಟಿಯ ಒಂದು ತುದಿ ಕತ್ತರಿಸಿ ಪಕ್ಕದಲ್ಲಿ ಬಿಟ್ಟಳು. ಅದು ನೀರು ಕುಡಿದು ತಳಕ್ಕೆ ಇಳಿಯಿತು. ಅರಳೆ ಇನ್ನೂ ತೇಲುತ್ತಲೇ ಇತ್ತು. ಅಯ್ಯಮ್ಮ ಬೆರಳಿಂದ ಒತ್ತಿದಳು. ಮತ್ತೆ ಮೇಲೆ ಬಂತು.

"ಇದ್ಯಾಕ ಮುಳುಗವಲ್ದು?"

"ಹೊಲದಿಂದ ಬಂದ ಹತ್ತಿ ಎಳಿಗೆ ಸಣ್ಣ ಜಿಡ್ಡು ಇರ್ತದ ಅಕ್ಕಾ, ಮೇಣದಂಗ. ಗಿಡ ತನ್ನ ಸಲುವಾಗಿ ಮಾಡಿಕೊಂಡದ. ಅದಕ್ಕ ನೀರು ಒಳಗ ಹೋಗಂಗಿಲ್ಲ. ಗಾಯದ ರಸಿಗಿನೂ ನೀರೇ. ನಿಮ್ಮ ಹತ್ತಿ ಅದನ್ನ ಕುಡಿಲಿಲ್ಲ. ರಸಿಗಿ ಅಲ್ಲೇ ನಿಂತು ಕೊಳಿತು, ಎಳಿ ಗಾಯದಾಗ ಉಳಿದ್ವು."

ಅಯ್ಯಮ್ಮ ಬಟ್ಟಲನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ದೀಪದ ಹತ್ತಿರ ಹೋದಳು. ಅದೇ ಡಬ್ಬಿಯ ಹತ್ತಿಯಿಂದ ಹೊಸೆದ ಬತ್ತಿ ಎಣ್ಣೆಯಲ್ಲಿ ತುದಿಯವರೆಗೂ ನೆನೆದು ಮಲಗಿತ್ತು.

"ಎಣ್ಣಿ ಕುಡಿತದ" ಎಂದಳು ತನಗೇ ಹೇಳಿಕೊಳ್ಳುವಂತೆ. "ನೀರು ಕುಡಿಯಂಗಿಲ್ಲ. ಹಂಗಾದ್ರ ಇದು ದೀಪದ ಹತ್ತಿ. ಅದು ಗಾಯದ ಹತ್ತಿ."

ಭುವನೇಶ್ವರಿ ಅವಳ ಮುಖ ನೋಡಿದಳು. "ತರಬೇತ್ಯಾಗ ನಮಗ ಇಷ್ಟು ಚಂದ ಯಾರೂ ಹೇಳಿರಲಿಲ್ಲ ನೋಡ್ರಿ."

ಬಾಗಿಲಲ್ಲಿ ನಿಂತಿದ್ದ ಅಂಬ್ರಪ್ಪ ಒಳಗೆ ಬಂದ. "ಅದೆಲ್ಲ ಖರೇ ಬಾಯಾರ. ಹತ್ತಿ ಹತ್ತಿನೇ ಅಲ್ಲೇನು? ಅದು ರೋಗಾಣು ಹೆಂಗ ಕೊಲ್ಲತದ? ಅದಕ್ಕೇನು ಹಲ್ಲು ಅದಾವೇನು?"

"ಹಲ್ಲಲ್ಲ, ಮುಳ್ಳು ಅನ್ನು. ನಿಮ್ಮ ಹೊಲಕ್ಕ ಬೇಲಿ ಹೆಂಗ ಹಾಕ್ತೀರಿ? ಬರೇ ಹಗ್ಗ ಕಟ್ಟಿದ್ರ ದನ ದಾಟಿ ಬರ್ತಾವ. ಅದಕ್ಕ ಜಾಲಿ ಮುಳ್ಳು ಸಿಗಸ್ತೀರಿ. ಇಲ್ಲೂ ಹಂಗೇ. ಮೊದಲ ಹತ್ತಿಯ ಜಿಡ್ಡು ತೆಗಿತಾರ. ಆಮ್ಯಾಲ ಅದರ ಎಳಿಗೆ ರಾಸಾಯನಿಕದ ಮುಳ್ಳು ಕೂಡಸ್ತಾರ, ಕಣ್ಣಿಗೆ ಕಾಣಲಾರದಷ್ಟು ಸಣ್ಣವು. ರೋಗಾಣು ಬಂದು ತಾಗಿದ್ರ ಅದರ ತೆಳು ಚರ್ಮ ಒಡಿತದ. ಕೆಲವು ಪಟ್ಟಿಯೊಳಗ ಬೆಳ್ಳಿಯ ಅಂಶ ಇಟ್ಟಿರ್ತಾರ. ಎಲ್ಲದರ ಕೆಲಸ ಒಂದೇ."

"ಹಿಂಗಾದ್ರ ಮಾವಗ ಗುಳಿಗಿ ಬ್ಯಾಡ, ಚುಚ್ಚುಮದ್ದು ಬ್ಯಾಡ. ಪಟ್ಟಿ ಕಟ್ಟಿ ಬಿಟ್ರ ಮುಗೀತು!"

"ಬೇಲಿ ಎಂದಾದ್ರೂ ಹೊಲದೊಳಗ ಓಡಿ ಹೋಗಿ ದನ ಹೊಡದದೇನೋ? ತಾಗಿದ್ದನ್ನ ಅಷ್ಟೇ ತಡಿತದ. ಒಳಗ ನುಗ್ಗಿದ್ದಕ್ಕ ಗುಳಿಗಿ ಬೇಕು, ಡಾಕ್ಟರು ಹೇಳಿದಷ್ಟು ದಿನ ಪೂರಾ ನುಂಗಬೇಕು. ಸಕ್ಕರಿ ಹತೋಟ್ಯಾಗ ಇರಬೇಕು. ಬೇಲಿಗೆ ಕೆಸರು ಮೆತ್ತಿದ್ರ ಮುಳ್ಳು ಚುಚ್ಚಂಗಿಲ್ಲ. ಅದಕ್ಕೇ ಒದ್ದಿಯಾದ ಪಟ್ಟಿ ಬದಲಿ ಮಾಡಬೇಕು."

"ತೊಳದು ಬಿಸಿಲಿಗಿ ಹಾಕಿದ್ರ?" ಎಂದಳು ಅಯ್ಯಮ್ಮ ಮೆಲ್ಲಗೆ. ಅಂಗಳದ ಹಗ್ಗದ ಮೇಲೆ ಆ ಕೆಸರಿನ ಪಟ್ಟಿ ಆಗಲೇ ತೊಳೆದು ಒಣಗುತ್ತಿತ್ತು.

ಎಲ್ಲರೂ ಅತ್ತ ನೋಡಿದರು. ಮರಿಲಿಂಗಪ್ಪ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕ. "ನನ್ನ ಪಟ್ಟಿನೂ ಲುಂಗಿ ಸಂಗಾಟ ಹಾರಾಡಾಕತ್ತದಲ್ಲೋ!"

"ಒಮ್ಮೆ ಹಚ್ಚಿದ್ದು ಮುಗೀತು ಅಕ್ಕಾ. ತೊಳದು ಮತ್ತ ಹಚ್ಚಬಾರದು. ನನಗ ಕೊಡ್ರಿ, ದವಾಖಾನಿ ಡಬ್ಬ್ಯಾಗ ಹಾಕ್ತೀನಿ" ಎಂದಳು ಭುವನೇಶ್ವರಿ. ಅವಳ ದನಿ ಗಂಭೀರವಾಯಿತು. "ಈಗ ನಡ್ರಿ. ನಗೋದು ವಾಪಸ್ ಬಂದ ಮ್ಯಾಲ. ಕೆಂಪು ಏರಾಕತ್ತದ."

ಟಂಟಂ ಮತ್ತೆ ಶಹಾಪುರದ ದಾರಿ ಹಿಡಿಯಿತು. ಡಾಕ್ಟರು ಪಾದವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದರು: "ಎಳೆಗಳನ್ನೆಲ್ಲ ಸರಿಯಾಗಿ ತೆಗೆದಿದ್ದಾರೆ. ಹೊತ್ತಿಗೆ ಬಂದಿರಿ. ಬೆರಳು ಉಳಿಯುತ್ತದೆ. ಇನ್ನು ಮುಂದೆ ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ."

ಅಯ್ಯಮ್ಮ ಅದನ್ನು ಮಾತಿನಲ್ಲಿ ಅಲ್ಲ, ಕೆಲಸದಲ್ಲಿ ಒಪ್ಪಿಕೊಂಡಳು. ಪಟ್ಟಿಯನ್ನು ಭುವನೇಶ್ವರಿಯೇ ಬದಲಿಸಿದಳು. ಅವಳಿಲ್ಲದ ದಿನ ಅಂಬ್ರಪ್ಪನ ಟಂಟಂ ಬಾಗಿಲಿಗೆ ಬಂತು. ಗುಳಿಗೆಯ ಹೊತ್ತಿಗೆ ಅಯ್ಯಮ್ಮ ಗಂಡನ ಮುಂದೆ ನೀರು ಹಿಡಿದು ನಿಂತಳು. ಸಂಜೆ ದೀಪ ಹಚ್ಚಿದ ಮೇಲೆ ಅದೇ ಬೆಳಕಿನಲ್ಲಿ ಅವನ ಎರಡೂ ಪಾದ ತಿರುಗಿಸಿ, ಬೆರಳ ಸಂದುಗಳನ್ನೂ ಬಿಡದೆ ನೋಡಿದಳು.

"ಏನ್ ನೋಡ್ತಿ ದಿನಾ? ನೋವಿಲ್ಲ ಅಂದೆನಲ್ಲ" ಎಂದು ಅವನು ಗೊಣಗಿದರೆ, "ನಿಮ್ಮನ್ನ ಯಾರ ಕೇಳ್ಯಾರ? ನಾ ಕಾಲನ್ನ ಕೇಳಾಕತ್ತೀನಿ" ಎನ್ನುತ್ತಿದ್ದಳು.

ಗಾಯ ನಿಧಾನವಾಗಿ, ಒಳಗಿನಿಂದ ಮೇಲಕ್ಕೆ ತುಂಬಿಕೊಂಡಿತು. ಹತ್ತಿಯ ಎರಡನೇ ಬಿಡಿಸುವಿಕೆ ಶುರುವಾದ ಹೊತ್ತಿಗೆ ಅಲ್ಲಿ ಹೊಸ ಚರ್ಮ ಬಂದಿತ್ತು. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದರು, ಆದರೆ ಬೆರಳು ಮುಚ್ಚುವ ಮೆತ್ತನೆಯ ಬೂಟು ಇಲ್ಲದೆ ಹೊಸ್ತಿಲು ದಾಟಬಾರದು ಎಂದರು.

ಒಂದು ಮುಂಜಾನೆ ಸಗರದಲ್ಲಿ ಮತ್ತೆ ಆ ಸಪ್ಪಳ ಕೇಳಿಸಿತು. ಟಣ್... ಟಣ್... ಅದರ ನಡುವೆ ಹೊಸದೊಂದು ಸದ್ದೂ ಇತ್ತು. ಬೂಟಿನ ಸದ್ದು. ಹೆಂಗಸರು ಕೊಡ ಎತ್ತುವುದನ್ನು ಬಿಟ್ಟು ಬಾಗಿಲಿಗೆ ಬಂದು ನೋಡಿದರು.

"ಏನೋ ಮಾವಾ, ಫೌಜ್‌ದಾರ ಬಂದಾನಂತ ನಾ ಅಂಜಿ ಎದ್ದೆ!" ಎಂದ ಅಂಬ್ರಪ್ಪ.

"ಅಂಜಬೇಕು. ಈ ಕಾಲಿಗಿ ಈಗ ಬೇಲಿ ಅದ" ಎಂದ ಮರಿಲಿಂಗಪ್ಪ. ಚಾವಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಊರಿ ಮುಂದೆ ನಡೆದ.

ಅಯ್ಯಮ್ಮ ಆ ಹೊತ್ತಿಗೆ ಹೊಲದಲ್ಲಿದ್ದಳು. ವನದುರ್ಗದ ಕಡೆಯ ಕಪ್ಪು ನೆಲದ ಮೇಲೆ ಹತ್ತಿ ಬಿಳಿಯಾಗಿ ಒಡೆದು ನಿಂತಿತ್ತು. ಊರಿನ ದಿಕ್ಕಿನಿಂದ ಆ ಸಪ್ಪಳ ಅಷ್ಟು ದೂರ ಕೇಳಿಸುವುದಿಲ್ಲ. ಆದರೂ ಅವಳು ಒಂದು ಗಳಿಗೆ ಕೈ ನಿಲ್ಲಿಸಿ ಆ ಕಡೆ ಕಿವಿಗೊಟ್ಟಳು. ಆಮೇಲೆ ಪಕ್ಕದ ಸಾಲಿಗೆ ತಿರುಗಿದಳು.

"ರೇಣಮ್ಮಾ, ಆ ಒಣ ಎಲಿ ತೆಗಿ ಮೊದಲ."

"ಒಂದು ಎಲಿಗಿ ಏನಾಗ್ತದ ಬಿಡಬೇ."

"ಈ ಹತ್ತಿ ಎಲ್ಲಿಗಿ ಹೋಗ್ತದೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾರದೋ ಸೀರಿ ಆಗ್ತದೋ, ಯಾರದೋ ಗಾಯದ ಪಟ್ಟಿ ಆಗ್ತದೋ. ನಮ್ಮ ಕೈಯಿಂದ ಹೋಗುವಾಗ ಸ್ವಚ್ಛ ಹೋಗಲಿ."

ರೇಣಮ್ಮ ಬಗ್ಗಿ ಎಲೆ ತೆಗೆದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಮ್ಮ ಹೊಲದಲ್ಲಿ ಬೆಳೆಯುವ ಹತ್ತಿಯಂಥ ಗಿಡದ ನಾರು ಇವತ್ತು ರೋಗಾಣು ತಡೆಯುವ ಪಟ್ಟಿಯಾಗುವ ಮಟ್ಟಕ್ಕೆ ಬಂದಿದೆ. ಅದಕ್ಕೆ ಹೆಮ್ಮೆಪಡಿ. ಆದರೆ ಹೊಲದ ಹತ್ತಿಯನ್ನಾಗಲಿ, ಅದರ ಬೂದಿಯನ್ನಾಗಲಿ ಗಾಯಕ್ಕೆ ಇಡಬೇಡಿ. ಗಾಯವಾದರೆ ಸ್ವಚ್ಛ ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆ ಮುಚ್ಚಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಎಲ್ಲ ಗಾಯಕ್ಕೂ ಇಂಥ ಪಟ್ಟಿ ಬೇಕಿಲ್ಲ. ಯಾವುದಕ್ಕೆ ಬೇಕು, ಯಾವಾಗ ಬದಲಿಸಬೇಕು ಎಂದು ಅಲ್ಲಿ ಕೇಳಿ. ಪಟ್ಟಿ ಕಟ್ಟಿದೆ ಎಂದು ಗುಳಿಗೆ ನಿಲ್ಲಿಸಬೇಡಿ. ಬಳಸಿದ ಪಟ್ಟಿ ತೊಳೆದು ಮತ್ತೆ ಹಚ್ಚಬೇಡಿ.

ಮತ್ತು ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರು ಇದ್ದರೆ, ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಅವರ ಹತ್ತಿರ ಕುಳಿತುಕೊಳ್ಳಿ. ನೋವಿದೆಯೇ ಎಂದು ಕೇಳಿ ಎದ್ದು ಹೋಗಬೇಡಿ. ಪಾದ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಅದು ತಾನಾಗಿ ಹೇಳುವುದಿಲ್ಲ.